ಮೂರು ನಿಮಿಷದ ದೀಪ, ನಲವತ್ತೊಂದು ಹಾಡು

ಬೆಳಿಗ್ಗೆ ಐದಕ್ಕೆ ಇನ್ನೂ ಹತ್ತು ನಿಮಿಷ. ನಾಲ್ಕಂತಸ್ತಿನ ಹಳೆಯ ಕಟ್ಟಡದ ನೆಲಮಾಳಿಗೆಯ ಲಾಂಡ್ರಿಯಲ್ಲಿ ಐವತ್ತೆರಡರ ಗಂಡಸೊಬ್ಬರು ಹೋಟೆಲಿನಿಂದ ಬಂದ ಬೆಡ್‌ಶೀಟುಗಳನ್ನು ತೋಳು ತುಂಬ ಅವಚಿಕೊಂಡು ಬಂದು ದೊಡ್ಡ ಯಂತ್ರದ ಬಾಯಿಗೆ ತುರುಕುತ್ತಾರೆ. ಒಂದೊಂದನ್ನೂ ಹಾಕುವ ಮೊದಲು ದೀಪಕ್ಕೆ ಹಿಡಿದು ನೋಡುತ್ತಾರೆ. ಕಲೆ ಕಂಡರೆ ಅದು ಪಕ್ಕದ ಬಕೆಟ್ಟಿಗೆ ಹೋಗುತ್ತದೆ. ನಲವತ್ತು ಶೀಟು ತುಂಬಿದ ಮೇಲೆ ಬಾಗಿಲು ಒತ್ತಿ, ಸೋಪಿನ ಪುಡಿ ಸುರಿದು, ಗುಂಡಿ ತಿರುಗಿಸುತ್ತಾರೆ. ಯಂತ್ರ ಒಮ್ಮೆ ಮೈ ನಡುಗಿಸಿ, ನೀರು ಕುಡಿದು, ಗುಡುಗುಡು ಎನ್ನಲು ಶುರು ಮಾಡುತ್ತದೆ. ಅವರು ಗೋಡೆ ಗಡಿಯಾರ ನೋಡಿ, ಕೈ ಒರೆಸಿಕೊಂಡು, ಇಸ್ತ್ರಿ ಮೇಜಿನ ಕೆಳಗಿನಿಂದ ಗಿಟಾರ್ ಎಳೆದು ತೆಗೆಯುತ್ತಾರೆ.

"ಐವತ್ತು ನಿಮಿಷ ಇದೆ. ಮಾತಾಡ್ತಾ ನಿಂತ್ರೆ ಮುಗೀತು, ಬನ್ನಿ," ಎನ್ನುತ್ತಾರೆ.

ಇವರನ್ನು ಬೀದಿಯವರೆಲ್ಲ ಕರೆಯುವುದು ಇಸ್ತ್ರಿಯಣ್ಣ ಎಂದು. 'ಮೂರು ನಿಮಿಷ' ಎಂಬ ಸಂಗೀತ ತಂಡದ ಗಿಟಾರ್ ವಾದಕ, ಹಾಡು ಬರೆಯುವವರು, ಈಗ ಬೇರೆ ದಾರಿ ಇಲ್ಲದೆ ಹಾಡುಗಾರರೂ ಹೌದು. ಈ ತಂಡಕ್ಕೆ ಇಪ್ಪತ್ತಾರು ವರ್ಷ. ನೀವು ಅದರ ಹೆಸರು ಕೇಳಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ. ಮೇಲಿನ ಮಹಡಿಯಲ್ಲಿ ಹದಿನಾಲ್ಕು ವರ್ಷದಿಂದ ಇರುವ ಟೀಚರಮ್ಮನೇ ಕೇಳಿಲ್ಲ. ಕೆಳಗೆ ಡ್ರಮ್ ಬಾರಿಸುತ್ತಾರೆ ಎಂದರೆ, "ಅಯ್ಯೋ, ಅದು ಮಷೀನಿನ ಸದ್ದಲ್ವಾ?" ಎಂದರು.

ಮಷೀನಿನ ಸದ್ದೇ ಇವರ ಗುಟ್ಟು. ಮೊದಲ ಲೋಡು ತಿರುಗುವ ಐವತ್ತು ನಿಮಿಷದಲ್ಲಿ ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ಇವರ ಅಭ್ಯಾಸ ನಡೆಯುತ್ತದೆ. ಮೇಲಿನವರಿಗೆ ಯಂತ್ರದ ಗದ್ದಲ ರೂಢಿಯಾಗಿದೆ. ಅದರೊಳಗೆ ಡ್ರಮ್ಮು ಅಡಗಿಕೊಳ್ಳುತ್ತದೆ. ಬಾರಿಸುವುದು ಇಸ್ತ್ರಿಯಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ. ಬೆಳಿಗ್ಗೆ ಡ್ರಮ್ಮು, ಆಮೇಲೆ ಇಡೀ ದಿನ ಆಸ್ಪತ್ರೆಯ ಕೋಟುಗಳ ಇಸ್ತ್ರಿ. ಬೇಸ್ ಗಿಟಾರ್ ಹಿಡಿಯುವವರು ಅಕ್ಕನ ಅಣ್ಣ. ಲಿಫ್ಟ್ ರಿಪೇರಿ ಇವರ ಕೆಲಸ, ಹಾಗಾಗಿ ಲಿಫ್ಟ್ ಭಾವ. ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡೇ ಬರುತ್ತಾರೆ, ಆರಕ್ಕೆ ಹಾಗೇ ಕೆಲಸಕ್ಕೆ ಹೋಗುತ್ತಾರೆ.

ಆ ಹಿಂಬದಿಯ ಕೋಣೆಗೆ ಸ್ವಂತದ ದೀಪವಿಲ್ಲ. ಇರುವುದು ಮೆಟ್ಟಿಲ ದೀಪ. ಬಾಗಿಲ ಪಕ್ಕದ ಗುಂಡಿ ಒತ್ತಿದರೆ ಹತ್ತುತ್ತದೆ, ಮೂರು ನಿಮಿಷವಾದರೆ ತಾನಾಗಿ ಆರಿಹೋಗುತ್ತದೆ. ಮೆಟ್ಟಿಲು ಹತ್ತುವವರಿಗೆ ಅಷ್ಟು ಸಾಕು ಎಂದು ಕಟ್ಟಡದ ಮಾಲೀಕ ಯಾವ ಕಾಲದಲ್ಲೋ ಹಾಕಿಸಿದ್ದು. ಇವರು ಗುಂಡಿ ಒತ್ತಿ ಹಾಡು ಶುರು ಮಾಡಿ, ಕತ್ತಲಾಗುವ ಮೊದಲು ಮುಗಿಸುತ್ತಾರೆ. ಮತ್ತೆ ಒತ್ತುತ್ತಾರೆ, ಮುಂದಿನ ಹಾಡು. ಇಪ್ಪತ್ತಾರು ವರ್ಷದಲ್ಲಿ ಕಟ್ಟಿದ್ದು ನಲವತ್ತೊಂದು ಹಾಡು. ಎಲ್ಲಕ್ಕಿಂತ ಉದ್ದದ್ದು ಎರಡು ನಿಮಿಷ ಐವತ್ತೊಂದು ಸೆಕೆಂಡು. ಒಂದು ಬಲ್ಬು ಹಾಕಿಕೊಳ್ಳಬಾರದೇ ಎಂದರೆ ಲಿಫ್ಟ್ ಭಾವ ನಗುತ್ತಾರೆ.

"ನಂಗೆ ಹತ್ತು ನಿಮಿಷದ ಕೆಲಸ ಸ್ವಾಮಿ. ಇವರು ಬಿಡಲ್ಲ. ಬಲ್ಬ್ ಬಂದ್ರೆ ಹಾಡು ಬೊಜ್ಜು ಬೆಳೆಸ್ಕೊಳ್ಳುತ್ತಂತೆ."

ಇವರು ನುಡಿಸುವುದಕ್ಕೆ ಪವರ್ ಪಾಪ್ ಎನ್ನುತ್ತಾರೆ. ಗಿಟಾರು, ಡ್ರಮ್ಮುಗಳ ಅಬ್ಬರ ರಾಕ್ ಸಂಗೀತದ್ದೇ. ರಾಗ ಮಾತ್ರ ಸಲೀಸು, ಒಂದು ಸಲ ಕೇಳಿದರೆ ಸ್ನಾನದ ಹೊತ್ತಿಗೆ ಬಾಯಿಗೆ ಬರುವಂಥದ್ದು. ಹುಡುಗಿ ಕೈಕೊಟ್ಟ ಸಂಕಟವನ್ನೂ ಕಾಲು ಕುಣಿಯುವ ಹಾಗೆ ಹೇಳುವ ಹಾಡುಗಳು. ಬರೆಯುವುದು ಸುಲಭ ಅನ್ನಿಸುತ್ತದೆ, ಕೂತರೆ ಬೆವರು ಕಿತ್ತು ಬರುತ್ತದೆ. ಇದು ನನಗೆ ಹೇಗೆ ಗೊತ್ತು ಎಂದರೆ, ನಾನೂ ಕೂತಿದ್ದೆ.

ಇದನ್ನು ಈಗಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ ಈ ತಂಡಕ್ಕೆ ಹಾಡುಗಾರ ಬೇಕಿದ್ದಾಗ ಇದೇ ಮೆಟ್ಟಿಲು ಇಳಿದು ಬಂದವರಲ್ಲಿ ನಾನೂ ಒಬ್ಬ. ಆಗ ನನಗೆ ಇಪ್ಪತ್ನಾಲ್ಕು, ಕೂದಲೂ ಇತ್ತು. ಒಂದು ಹಾಡು ಹಾಡಿದೆ. ದೀಪ ಆರಿತು. ಯಾರೂ ಗುಂಡಿ ಒತ್ತಲಿಲ್ಲ. ಕತ್ತಲಲ್ಲಿ ಇಸ್ತ್ರಿಯಣ್ಣ, "ಥ್ಯಾಂಕ್ಸ್ ಅಪ್ಪಾ, ಮೆಟ್ಟಿಲು ನೋಡ್ಕೊಂಡು ಹತ್ತು," ಎಂದರು. ಅಂದಿನಿಂದ ಇವರ ಮೇಲೆ ನನಗೆ ಹೊಟ್ಟೆಕಿಚ್ಚು. ನಾನು ಮೀಸೆ ಬೋಳಿಸಿದೆ, ಪತ್ರಿಕೆ ಸೇರಿದೆ, ಸಂಸಾರಸ್ಥನಾದೆ. ಹೊಟ್ಟೆಕಿಚ್ಚು ಮಾತ್ರ ಇದ್ದಲ್ಲೇ ಇದೆ. ನಾನು ಇನ್ನೂ ಹಾಸಿಗೆಯಲ್ಲಿರುವಾಗ ಇವರು ಮೂವರು ಪ್ರತಿದಿನ ಇಲ್ಲಿ ಇದ್ದಾರಲ್ಲ ಎಂಬುದೇ ನನಗೆ ತಡೆಯುವುದಿಲ್ಲ.

ಆದರೆ ಹೊಟ್ಟೆಕಿಚ್ಚಿನ ವಿಷಯದಲ್ಲಿ ಇಸ್ತ್ರಿಯಣ್ಣನ ಮುಂದೆ ನಾನು ಏನೇನೂ ಅಲ್ಲ.

ತಂಡ ಶುರುವಾದಾಗ ನಾಲ್ಕು ಜನ ಇದ್ದರು. ನಾಲ್ಕನೆಯವನು ಇಸ್ತ್ರಿಯಣ್ಣನ ಸ್ವಂತ ತಮ್ಮ, ಐದು ವರ್ಷ ಚಿಕ್ಕವನು, ತಂಡದ ಹಾಡುಗಾರ. ಅವನ ದನಿ ನಿಮಗೆಲ್ಲ ಗೊತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ದಂತವೈದ್ಯರ ಕೋಣೆಯಲ್ಲಿ ಅದು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಅವನು ಕ್ರೀಡಾಂಗಣ ತುಂಬಿಸುತ್ತಾನೆ. ಇಸ್ತ್ರಿಯಣ್ಣ ಯಂತ್ರ ತುಂಬಿಸುತ್ತಾರೆ. ಇದು ನನ್ನ ಮಾತಲ್ಲ, ಅವರದೇ.

"ಏಳು ವರ್ಷ ಜೊತೆಗಿದ್ದ," ಎನ್ನುತ್ತಾರೆ ಗಿಟಾರಿನ ತಂತಿ ಬಿಗಿ ಮಾಡುತ್ತ. "ಒಂದು ಶೋಗೆ ಯಾರೋ ಕ್ಯಾಸೆಟ್ ಕಂಪನಿಯವರು ಬಂದಿದ್ರು. ಹುಡುಗ ಬೇಕು, ಉಳಿದವರು ಬೇಡ ಅಂದ್ರು. ಮಾರನೇ ದಿನ ಬಂದು ನಾಲ್ಕು ಶರ್ಟು ಕೊಟ್ಟ, ಅಣ್ಣ ಚೆನ್ನಾಗಿ ಇಸ್ತ್ರಿ ಮಾಡ್ಕೊಡು, ಊರಿಗೆ ಹೋಗ್ಬೇಕು ಅಂದ. ಯಾವ ಊರು ಅಂತ ನಾನೂ ಕೇಳ್ಲಿಲ್ಲ. ನೀಟಾಗಿ ಮಡಿಚಿ ಕೊಟ್ಟೆ. ನಾನೇ ಮಡಿಚಿ ಕಳಿಸಿದ್ದು ಅವನನ್ನ."

ಆಮೇಲೆ ಹಾಡುಗಾರರನ್ನು ಹುಡುಕಿದರು. ನನ್ನಂಥ ಒಂಬತ್ತು ಜನ ಬಂದು ಹೋದರು. ಕೊನೆಗೆ ಇಸ್ತ್ರಿಯಣ್ಣನೇ ಹಾಡತೊಡಗಿದರು. ಅವರ ದನಿ ಸ್ವಲ್ಪ ಒರಟು, ಮೇಲೆ ಹೋಗುವಾಗ ಹಳೇ ಬಟ್ಟೆಯ ಹಾಗೆ ಅಂಚಿನಲ್ಲಿ ಹರಿಯುತ್ತದೆ. ಆದರೆ ಹಾಡು ಬರೆದವನೇ ಹಾಡಿದರೆ ಎಲ್ಲಿ ನೋವು ಎಂದು ಅವನಿಗೆ ಗೊತ್ತಿರುತ್ತದೆ. ಇದನ್ನು ಹತ್ತೊಂಬತ್ತು ವರ್ಷದ ಹಿಂದೆ ಹೇಳುವ ಅವಕಾಶ ನನಗೆ ಸಿಕ್ಕಿತ್ತು, ನಾನು ಹೇಳಲಿಲ್ಲ.

ಏನಾಯಿತೆಂದರೆ, ನನ್ನನ್ನು ಬೇಡವೆಂದ ಎರಡು ತಿಂಗಳಿಗೆ ನಾನು ಪತ್ರಿಕೆಯಲ್ಲಿ ಹೊಸಬನಾಗಿ ಸೇರಿದ್ದೆ. ಇವರ ಒಂದು ಕಾರ್ಯಕ್ರಮಕ್ಕೆ ನನ್ನನ್ನೇ ಕಳಿಸಿದರು. ನಾಲ್ಕು ಸಾಲು ಬರೆದೆ. 'ಹಾಡುಗಾರ ಹೋದ ಮೇಲೆ ಈ ತಂಡದಲ್ಲಿ ಕೇಳುವಂಥದ್ದು ಏನೂ ಉಳಿದಿಲ್ಲ' ಎಂಬುದು ಕೊನೆಯ ಸಾಲು. ಕೆಳಗೆ ನನ್ನ ಹೆಸರಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಈ ತಂಡದ ಬಗ್ಗೆ ಪತ್ರಿಕೆಯಲ್ಲಿ ಬಂದದ್ದು ಆ ನಾಲ್ಕೇ ಸಾಲು. ಈ ಲೇಖನಕ್ಕಾಗಿ ಸೋಮವಾರ ನಾನು ಲಾಂಡ್ರಿಗೆ ಕಾಲಿಟ್ಟಾಗ ಮೊದಲು ಕಂಡದ್ದು ಸೋಪಿನ ಪುಡಿಯ ಕಪಾಟಿನ ಮೇಲೆ ಅಂಟಿಸಿದ ಅದೇ ತುಣುಕು. ಹಳದಿಯಾಗಿದೆ, ಆದರೂ ಓದಲು ಬರುತ್ತದೆ.

"ನೀವೇ ಬರೆದಿದ್ದು ಅಂತ ಗೊತ್ತು," ಎಂದರು ಅಕ್ಕ, ನಾನು ಬಾಯಿ ತೆರೆಯುವ ಮೊದಲೇ. "ಆ ವಾರಾನೇ ಗೊತ್ತಾಗಿತ್ತು. ಟೀ ಕುಡೀತೀರಾ?"

ಕುಡಿದೆ.

ಇವರ ದಿನ ಹೀಗೆ ಸಾಗುತ್ತದೆ. ನಾಲ್ಕೂವರೆಗೆ ಬಾಗಿಲು ತೆರೆಯುವುದು. ಐದರಿಂದ ಐದು ಐವತ್ತರವರೆಗೆ ಸಂಗೀತ. ಆಮೇಲೆ ಸಂಜೆ ಐದರವರೆಗೆ ದಿನಕ್ಕೆ ಮುನ್ನೂರ ಎಂಬತ್ತು ಬೆಡ್‌ಶೀಟು, ಇನ್ನೂರು ಟವೆಲು, ಆಸ್ಪತ್ರೆಯ ತೊಂಬತ್ತು ಕೋಟು. ಒಣಗಿಸುವ ಯಂತ್ರದ ಹಬೆಗೆ ಗಿಟಾರಿನ ತಂತಿ ತುಕ್ಕು ಹಿಡಿಯುತ್ತದೆ, ಹಾಗಾಗಿ ಪ್ರತಿದಿನ ಅದಕ್ಕೆ ಒಣ ಟವೆಲು ಸುತ್ತಿ ಮಲಗಿಸುತ್ತಾರೆ. ಅಕ್ಕನ ಬಲ ಮಣಿಕಟ್ಟಿಗೆ ಪಟ್ಟಿ ಇದೆ. ಡ್ರಮ್ಮಿನಿಂದಲೋ ಇಸ್ತ್ರಿಯಿಂದಲೋ ಎಂದು ಡಾಕ್ಟರು ಕೇಳಿದರಂತೆ. ಎರಡರಲ್ಲಿ ಒಂದು ಬಿಡಿ ಎಂದರಂತೆ. "ಇಸ್ತ್ರಿ ಬಿಡ್ತೀನಿ ಅಂದೆ," ಎನ್ನುತ್ತಾರೆ ಅಕ್ಕ. "ಅವರ ಕೋಟೇ ನಮ್ಮಲ್ಲಿಗೆ ಬರೋದು. ಸುಮ್ಮನಾದ್ರು."

ಇಲ್ಲಿಯವರೆಗೆ ಇನ್ನೂರ ಹನ್ನೆರಡು ಕಾರ್ಯಕ್ರಮ ಕೊಟ್ಟಿದ್ದಾರೆ. ಅತಿ ದೊಡ್ಡ ಸಭೆಯಲ್ಲಿ ಒಂಬೈನೂರು ಜನ ಇದ್ದರು, ಬಂದದ್ದು ಇವರ ನಂತರದ ತಂಡಕ್ಕಾಗಿ. ಅತಿ ಚಿಕ್ಕ ಸಭೆಯಲ್ಲಿ ನಾಲ್ಕು ಜನ, ಅದರಲ್ಲಿ ಒಬ್ಬರು ಮಳೆ ನಿಲ್ಲಲಿ ಎಂದು ಒಳಗೆ ಬಂದವರು. ಎರಡು ಕ್ಯಾಸೆಟ್ ತಂದಿದ್ದಾರೆ. ಮೊದಲನೆಯದು ಐನೂರು ಪ್ರತಿ. ಅದರಲ್ಲಿ ಒಂದು ನನ್ನ ಹತ್ತಿರ ಇದೆ, ಹಾಡುಗಾರನ ಆಯ್ಕೆಗೆ ಬರುವ ಮೊದಲು ಬಾಯಿಪಾಠ ಮಾಡಲು ಕೊಂಡದ್ದು.

ತಮ್ಮನ ವಿಷಯ ತೆಗೆದರೆ ಇಸ್ತ್ರಿಯಣ್ಣ ಮುಚ್ಚುಮರೆ ಮಾಡುವುದಿಲ್ಲ. ಬಸ್ ನಿಲ್ದಾಣದಲ್ಲಿ ಅವನ ದೊಡ್ಡ ಚಿತ್ರ ಹಾಕಿದ್ದಾರೆ ಎಂದು ಆರು ತಿಂಗಳಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತಾರೆ. ರೇಡಿಯೋದಲ್ಲಿ ಅವನು ಬಂದರೆ ನಿಲ್ಲಿಸುವುದಿಲ್ಲ, ಕೊನೆಯವರೆಗೆ ಕೇಳಿ, ಎಲ್ಲಾದರೂ ತಪ್ಪಿದನೇ ಎಂದು ನೋಡುತ್ತಾರೆ. ಎರಡು ವರ್ಷದ ಹಿಂದೆ ಅವನು ಇದೇ ಊರಿಗೆ ಹಾಡಲು ಬಂದಿದ್ದ. ಇಳಿದುಕೊಂಡದ್ದು ಇವರಿಗೆ ಬಟ್ಟೆ ಕಳಿಸುವ ಹೋಟೆಲುಗಳಲ್ಲೇ ಒಂದರಲ್ಲಿ.

"ಅಣ್ಣನ್ನ ನೋಡೋಕೆ ಬರ್ಲಿಲ್ಲ. ಅವನು ಮಲಗಿದ್ದ ಶೀಟು ಬಂತು," ಎನ್ನುತ್ತಾರೆ. "ಅವತ್ತು ಆ ಹೋಟೆಲಿಂದ ಬಂದಿದ್ದು ತೊಂಬತ್ತಾರು. ಯಾವುದು ಅವನದು ಅಂತ ಗೊತ್ತಿಲ್ವಲ್ಲ. ತೊಂಬತ್ತಾರಕ್ಕೂ ಬೈಕೊಂಡು ಇಸ್ತ್ರಿ ಮಾಡ್ದೆ."

"ಅವತ್ತಿನಷ್ಟು ನೀಟಾದ ಇಸ್ತ್ರಿ ಇವರು ಜನ್ಮದಲ್ಲಿ ಮಾಡಿಲ್ಲ," ಎನ್ನುತ್ತಾರೆ ಅಕ್ಕ, ತಲೆ ಎತ್ತದೆ. "ಒಂದು ಸುಕ್ಕು ಇರ್ಲಿಲ್ಲ."

ಇಸ್ತ್ರಿಯಣ್ಣ ಗಿಟಾರಿನ ಪಟ್ಟಿ ಹೆಗಲಿಗೆ ಏರಿಸಿಕೊಳ್ಳುತ್ತಾರೆ.

ನಾನು ಈ ವಾರವೇ ಇಲ್ಲಿಗೆ ಬಂದದ್ದಕ್ಕೆ ಒಂದು ಕಾರಣ ಉಂಟು. ಮೂರು ವಾರದ ಹಿಂದೆ ತಮ್ಮನ ಕಂಪನಿಯಿಂದ ಒಂದು ಲಕೋಟೆ ಬಂದಿದೆ. ಮೊದಲ ಕ್ಯಾಸೆಟ್ಟಿನಲ್ಲಿರುವ 'ಕೆಳಗಿಳಿದು ಬಾ' ಎಂಬ ಹಾಡನ್ನು ಅವನು ತನ್ನ ಹೊಸ ಆಲ್ಬಮ್ಮಿಗೆ ಹಾಡಬೇಕೆಂದಿದ್ದಾನೆ. ಬರೆದವರ ಒಪ್ಪಿಗೆ ಬೇಕು, ಶುಕ್ರವಾರದೊಳಗೆ ಸಹಿ ಹಾಕಿ ಕಳಿಸಬೇಕು, ಇಲ್ಲವಾದರೆ ಬೇರೆ ಹಾಡು ಹಾಕಿಕೊಳ್ಳುತ್ತಾರೆ. ಜೊತೆಗೆ ಅವನು ಹಾಡಿ ನೋಡಿದ ಮಾದರಿಯನ್ನೂ ಕಳಿಸಿದ್ದಾನೆ. ಸಹಿ ಆಗಿಲ್ಲ. ಲಕೋಟೆ ಸೋಪಿನ ಪುಡಿಯ ಡಬ್ಬದ ಹಿಂದೆ ನಿಂತಿದೆ, ನನ್ನ ನಾಲ್ಕು ಸಾಲಿನ ಕೆಳಗೆ.

ಆ ಹಾಡಿನ ಕಥೆ ಹೇಳದೆ ಇದು ಅರ್ಥವಾಗುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಲಿಫ್ಟ್ ಭಾವ ಯಾರಿಂದಲೋ ಒಂದು ಟೇಪ್ ಯಂತ್ರ ಎರಡು ದಿನಕ್ಕೆ ಕೇಳಿ ತಂದಿದ್ದರು. ಇದೇ ಕೋಣೆಯಲ್ಲಿ ನಾಲ್ವರೂ ಒಟ್ಟಿಗೆ ನುಡಿಸಿ ಹನ್ನೆರಡು ಹಾಡು ತುಂಬಿದರು. ಕೊನೆಯದು 'ಕೆಳಗಿಳಿದು ಬಾ'. ಮೇಲಿನ ಮನೆಯ ಹುಡುಗಿಯನ್ನು ಮೆಟ್ಟಿಲ ಬುಡದಿಂದ ಕರೆಯುವ ಹಾಡು. ದೀಪ ಹತ್ತಿಸಿದ ಮೇಲೆ ಅಕ್ಕನ ಡ್ರಮ್ಮಿನ ಕಾಲು ಜಾರಿತು, ಸರಿಮಾಡಿಕೊಳ್ಳಲು ಅರ್ಧ ನಿಮಿಷ ಹೋಯಿತು, ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹಾಡು ಓಡಿತು. ಇನ್ನೇನು ಕೊನೆಯ ಪಲ್ಲವಿ ಎನ್ನುವಾಗ ಫಕ್ಕನೆ ದೀಪ ಆರಿತು.

ನಾಲ್ವರೂ ನಿಂತರು. ಲಿಫ್ಟ್ ಭಾವ ಬಾಗಿಲಿಗೆ ಹತ್ತಿರ ಇದ್ದವರು. ಗೋಡೆ ತಡಕಿ ಗುಂಡಿ ಒತ್ತಿದರು. ದೀಪ ಹತ್ತಿದ ಕ್ಷಣಕ್ಕೆ ಅಕ್ಕ ಬಾರಿಸಿದರು, ಎಲ್ಲರೂ ಒಟ್ಟಿಗೆ ಪಲ್ಲವಿಗೆ ಬಿದ್ದರು. ಟೇಪಿನಲ್ಲಿ ಇನ್ನೊಂದು ಸಲಕ್ಕೆ ಜಾಗವಿರಲಿಲ್ಲ, ಯಂತ್ರ ಮಾರನೇ ದಿನ ಹಿಂದಿರುಗಬೇಕಿತ್ತು. ಹಾಗೇ ಬಿಟ್ಟರು. ಕೇಳಿದಾಗ ಮೈ ಜುಮ್ಮೆನ್ನುವುದು ಆ ತಪ್ಪಿನ ಜಾಗದಲ್ಲೇ. ಕರೆದವನು ಉಸಿರು ಬಿಗಿ ಹಿಡಿದು, ಅವಳು ಬಂದಳೇ ಎಂದು ಮೆಟ್ಟಿಲ ಕಡೆ ನೋಡುತ್ತಿರುವ ಹಾಗೆ ಕೇಳಿಸುತ್ತದೆ.

ಅಂದಿನಿಂದ ಆ ಹಾಡನ್ನು ಆ ತಪ್ಪಿನ ಸಮೇತ ನುಡಿಸುವುದು ಇವರ ಪದ್ಧತಿ. ಯಾರೂ ತಾಳ ಎಣಿಸುವುದಿಲ್ಲ. ಆ ಜಾಗ ಬಂದಾಗ ಮೂವರೂ ಕಣ್ಣು ಮುಚ್ಚುತ್ತಾರೆ, ಲಿಫ್ಟ್ ಭಾವ ಗಾಳಿಯಲ್ಲಿ ಕೈ ಚಾಚಿ ಇಲ್ಲದ ಗೋಡೆ ತಡಕುತ್ತಾರೆ. ಅವರ ಬೆರಳು ಇಲ್ಲದ ಗುಂಡಿ ಒತ್ತಿದಾಗ ಅಕ್ಕನ ಕೋಲು ಬೀಳುತ್ತದೆ. ಕಣ್ಣು ಮುಚ್ಚಿದವರಿಗೆ ಬೆರಳು ಕಾಣುವುದು ಹೇಗೆ ಎಂದು ಕೇಳಿದೆ.

"ಕಾಣಲ್ಲ," ಎಂದರು ಅಕ್ಕ. "ಒತ್ತಿದ್ದು ಗೊತ್ತಾಗುತ್ತೆ ಅಷ್ಟೆ. ನಮ್ಮಣ್ಣನ ಕೈ ನಂಗೆ ಗೊತ್ತಿಲ್ವಾ?"

ಸೋಮವಾರ ನನಗೂ ಆ ಮಾದರಿ ಕೇಳಿಸಿದರು. ಇಸ್ತ್ರಿ ಮೇಜಿನ ಮೇಲೆ ಫೋನ್ ಇಟ್ಟು, ಮೂವರೂ ಕೈಕಟ್ಟಿ ನಿಂತರು. ತಮ್ಮ ಚೆನ್ನಾಗಿ ಹಾಡಿದ್ದಾನೆ. ಚೆನ್ನಾಗಿ ಎಂದರೆ ಸಾಲದು. ನಾನು ಹಲ್ಲು ಕಚ್ಚಿಕೊಂಡು ಕೇಳಿದೆ. ಗಿಟಾರುಗಳು ಗಾಜಿನಷ್ಟು ಶುಭ್ರ, ಡ್ರಮ್ಮು ಎದೆಗೆ ಬಡಿಯುತ್ತದೆ. ಕೊನೆಯ ಪಲ್ಲವಿಯ ಹತ್ತಿರ ಬಂತು. ಮೂವರ ಕಣ್ಣೂ ತಾವಾಗಿ ಮುಚ್ಚಿಕೊಂಡವು. ಹಾಡು ನಿಲ್ಲಲಿಲ್ಲ. ನೇರವಾಗಿ, ಒಂದು ಚೂರೂ ಎಡವದೆ ಪಲ್ಲವಿಗೆ ಹೋಗಿಬಿಟ್ಟಿತು. ಲಿಫ್ಟ್ ಭಾವನ ಕೈ ಅರ್ಧ ಎದ್ದದ್ದು ಹಾಗೇ ಕೆಳಗಿಳಿಯಿತು.

"ಅವನೂ ಆ ರೂಮಲ್ಲಿ ಇದ್ದ," ಎಂದರು ಇಸ್ತ್ರಿಯಣ್ಣ. "ನನ್ನ ಪಕ್ಕದಲ್ಲೇ ಇದ್ದ. ಮರೆತುಬಿಟ್ನಾ?"

ಮೂವರಲ್ಲಿ ಒಮ್ಮತವಿಲ್ಲ. ಸಹಿ ಹಾಕುವುದೇ ಬೇಡ ಎಂಬುದು ಲಿಫ್ಟ್ ಭಾವನ ವಾದ: "ಅವನು ಹಾಡಿದ್ರೆ ಅದು ಅವನ ಹಾಡು. ನಾಳೆ ನಾವು ನುಡಿಸಿದ್ರೆ, ಅವನದ್ದನ್ನ ಕದ್ದು ನುಡಿಸ್ತಿದ್ದಾರೆ ಅಂತಾರೆ ಜನ." ಹಾಕಬೇಕು ಎಂಬುದು ಅಕ್ಕನದು: "ಐನೂರು ಕ್ಯಾಸೆಟ್ಟಲ್ಲಿ ಇನ್ನೆಷ್ಟು ಉಳಿದಿವೆಯೋ. ನಾವು ಮೂವರು ಹೋದ್ರೆ ಹಾಡೂ ಹೋಯ್ತು. ಅವನ ಬಾಯಲ್ಲಾದ್ರೂ ಇರ್ಲಿ." ಇಸ್ತ್ರಿಯಣ್ಣ ಮೂರು ವಾರದಿಂದ ಲಕೋಟೆ ತೆಗೆಯುತ್ತಾರೆ, ಓದುತ್ತಾರೆ, ಮತ್ತೆ ಡಬ್ಬದ ಹಿಂದೆ ಇಡುತ್ತಾರೆ. ಇಟ್ಟುಕೊಂಡರೆ ಹಾಡು ಸಾಯುತ್ತದೆ, ಕೊಟ್ಟರೆ ತಮ್ಮನದಾಗುತ್ತದೆ. ಅವರಿಗೆ ಎರಡೂ ಬೇಡ.

"ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ. "ಕೆಟ್ಟದಾಗಿ ಹಾಡಿದ್ರೆ ಅವತ್ತೇ ಸಹಿ ಹಾಕ್ತಿದ್ದೆ. ಚೆನ್ನಾಗಿ ಹಾಡಿದಾನಲ್ಲ, ಅದೇ ಕಷ್ಟ. ನನ್ನ ಹಾಡು ನನ್ನ ಬಾಯಿಗಿಂತ ಅವನ ಬಾಯಲ್ಲಿ ಚೆನ್ನಾಗಿದೆ. ಇದನ್ನ ಯಾರ ಹತ್ರ ಹೇಳ್ಕೊಳ್ಳೋದು?"

ಗುರುವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರು ತಮ್ಮನಿಗೆ ಫೋನ್ ಮಾಡುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ತಾವಾಗಿ ಮಾಡಿದ್ದು ಇದೇ ಮೊದಲು. ನಂಬರು ಅಕ್ಕನ ಹತ್ತಿರ ಇತ್ತು. ಅತ್ತಿಗೆಯ ಹುಟ್ಟುಹಬ್ಬಕ್ಕೆ ಮೈದುನ ಪ್ರತಿ ವರ್ಷ ಮೆಸೇಜು ಕಳಿಸುತ್ತಾನೆ ಎಂಬುದು ಇಸ್ತ್ರಿಯಣ್ಣನಿಗೆ ಆಗಲೇ ಗೊತ್ತಾದದ್ದು. ಕೈ ಒದ್ದೆ ಇದ್ದುದರಿಂದ ಫೋನನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟು ಸ್ಪೀಕರ್ ಹಾಕುತ್ತಾರೆ. ಹಾಗಾಗಿ ಅಕ್ಕ, ಊಟಕ್ಕೆ ಬಂದಿದ್ದ ಲಿಫ್ಟ್ ಭಾವ, ನಾನು, ಎಲ್ಲರೂ ಕೇಳಿಸಿಕೊಂಡೆವು.

"ಅಣ್ಣಾ," ಎನ್ನುತ್ತದೆ ಆ ದನಿ. ಬಸ್ಸಿನಲ್ಲಿ ಕೇಳುವ ಅದೇ ದನಿ, ಸ್ವಲ್ಪ ನಿದ್ದೆ ಬೆರೆತಿದೆ.

"ಊಟ ಆಯ್ತಾ?" ಎನ್ನುತ್ತಾರೆ ಇಸ್ತ್ರಿಯಣ್ಣ.

"ಈಗ ಎದ್ದೆ."

ಇಸ್ತ್ರಿಯಣ್ಣ ಗಡಿಯಾರ ನೋಡಿ ಹೆಂಡತಿಯ ಕಡೆ ಹುಬ್ಬು ಹಾರಿಸುತ್ತಾರೆ. ಹನ್ನೆರಡೂವರೆ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. "ಹಾಡು ಕೇಳ್ದೆ. ಚೆನ್ನಾಗಿದೆ. ನಂಗೆ ಬೇರೆ ಏನೂ ಬೇಡ. ಆ ದೀಪ ಆರಿದ ಜಾಗ ಇದೆಯಲ್ಲ, ಅದನ್ನ ವಾಪಸ್ ಹಾಕು. ಹಾಕಿದ್ರೆ ಸಹಿ, ಇಲ್ಲಾಂದ್ರೆ ಇಲ್ಲ."

ಲಿಫ್ಟ್ ಭಾವ ಫೋನಿಗೆ ಬಾಗುತ್ತಾರೆ, ಕರೆ ಕಟ್ಟಾಯಿತೇ ಎಂದು.

"ಹಾಕೋಕೆ ಆಗಿದ್ರೆ ಹಾಕ್ತಿರ್ಲಿಲ್ವಾ ಅಣ್ಣ," ಎನ್ನುತ್ತಾನೆ ತಮ್ಮ. "ಅದಕ್ಕೋಸ್ಕರಾನೇ ಆ ಹಾಡು ಆರಿಸ್ಕೊಂಡಿದ್ದು. ಹದಿನೇಳು ಸಲ ನುಡಿಸಿದ್ವಿ. ಎಣಿಸಿ ನಿಲ್ಲಿಸಿದ್ರೆ ಎಣಿಸಿದ ಹಾಗೇ ಕೇಳುತ್ತೆ. ಎಣಿಸದೇ ಬಿಟ್ರೆ ಒಬ್ಬೊಬ್ರು ಒಂದೊಂದು ಕಡೆ ಬೀಳ್ತಾರೆ. ದೊಡ್ಡ ದೊಡ್ಡೋರು ಅಣ್ಣ ನನ್ನ ಜೊತೆ ನುಡಿಸೋರು. ಏನು ಕೊಟ್ರೂ ನುಡಿಸ್ತಾರೆ. ಸ್ವಿಚ್ ಹುಡುಕೋಕೆ ಬರಲ್ಲ ಅವರಿಗೆ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ಇಡುತ್ತಾರೆ.

"ಹಳೇ ಕ್ಯಾಸೆಟ್ ಇಟ್ಕೊಂಡಿದೀನಿ," ಎನ್ನುತ್ತಾನೆ ಅವನು. "ಆ ಜಾಗ ಬಂದಾಗೆಲ್ಲ ಹೊಟ್ಟೆ ಉರಿಯುತ್ತೆ. ನೀವು ಮೂವರು ಈಗಲೂ ದಿನಾ ಬೆಳಿಗ್ಗೆ ನುಡಿಸ್ತೀರಂತೆ, ಅತ್ತಿಗೆ ಹೇಳಿದ್ರು. ನಂಗೆ ಅಂಥದ್ದು ಏನೂ ಇಲ್ಲ. ಕಾರ್ಯಕ್ರಮ ಇದ್ರೆ ಬರ್ತಾರೆ, ಮುಗಿದ್ರೆ ಹೋಗ್ತಾರೆ."

"ನಿಂಗೆ ಹೊಟ್ಟೆ ಉರಿಯುತ್ತಾ?"

"ಹೂಂ."

"ನಮ್ಮ ಮೇಲೆ?"

"ನಿಮ್ಮ ಮೇಲೆ."

ಇಸ್ತ್ರಿಯಣ್ಣ ಮೇಜಿನ ಅಂಚು ಹಿಡಿದು ನಿಂತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಒಬ್ಬರೇ ಹೊತ್ತುಕೊಂಡಿದ್ದೇನೆ ಅಂದುಕೊಂಡ ಮೂಟೆಯ ಇನ್ನೊಂದು ತುದಿಯನ್ನು ಯಾರೋ ಹಿಡಿದುಕೊಂಡೇ ಇದ್ದರು ಎಂದು ತಿಳಿದ ಮುಖ ಅದು. ಆಮೇಲೆ ಹೇಳುತ್ತಾರೆ. "ಸಹಿ ಹಾಕ್ತೀನಿ. ಆ ಜಾಗ ಇಲ್ಲದೇನೇ ಹಾಡು. ಅದು ಇಲ್ಲೇ ಇರ್ಲಿ."

"ಸರಿ ಅಣ್ಣ."

"ಬೇಗ ಏಳೋದು ಕಲಿ."

ಫೋನ್ ಇಟ್ಟ ಮೇಲೆ ಲಿಫ್ಟ್ ಭಾವ ಕೇಳುತ್ತಾರೆ, "ಎಷ್ಟು ಸಲ ಅಂದ?" ಹದಿನೇಳು ಎಂದು ಅಕ್ಕ ಹೇಳುತ್ತಾರೆ. "ಹದಿನೇಳು," ಎಂದು ಭಾವ ತಮ್ಮ ಬಲಗೈಯ ತೋರುಬೆರಳನ್ನು ಒಮ್ಮೆ ನೋಡಿಕೊಂಡು, ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಸಹಿ ಬೇಡ ಎಂದಿದ್ದವರು ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಇಸ್ತ್ರಿಯಣ್ಣ ಬಟ್ಟೆಗೆ ಗುರುತು ಹಾಕುವ ಕಪ್ಪು ಪೆನ್ನಿನಲ್ಲೇ ಸಹಿ ಹಾಕುತ್ತಾರೆ. ಎಷ್ಟು ಒಗೆದರೂ ಹೋಗದ ಶಾಯಿ ಅದು.

ಶುಕ್ರವಾರ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ಬರೆಯಲು ಬೇಕಾದದ್ದೆಲ್ಲ ಸಿಕ್ಕಿತ್ತು, ಹೋಗುವ ಅಗತ್ಯವಿರಲಿಲ್ಲ. ನಲವತ್ತು ಶೀಟು ಯಂತ್ರಕ್ಕೆ ಬೀಳುತ್ತವೆ, ಗುಡುಗುಡು ಶುರುವಾಗುತ್ತದೆ. ನಾನು ಮೆಟ್ಟಿಲ ಮೇಲೆ ಕೂರುತ್ತೇನೆ. ಗುಂಡಿ ಒತ್ತಿ ಮೂವರೂ 'ಕೆಳಗಿಳಿದು ಬಾ' ಎತ್ತಿಕೊಳ್ಳುತ್ತಾರೆ. ಇಸ್ತ್ರಿಯಣ್ಣನ ದನಿ ಮೇಲೆ ಹೋಗುವಾಗ ಅದೇ ಅಂಚಿನಲ್ಲಿ ಹರಿಯುತ್ತದೆ. ಆ ಜಾಗ ಬರುತ್ತದೆ, ಮೂವರೂ ಕಣ್ಣು ಮುಚ್ಚುತ್ತಾರೆ. ನಾನು ಎಣಿಸುತ್ತೇನೆ. ಮೂರು ಸಲ ನುಡಿಸುವಂತೆ ಕೇಳಿಕೊಂಡು ಮೂರು ಸಲವೂ ಎಣಿಸಿದೆ. ಪ್ರತಿ ಸಲ ನನಗೆ ಬೇರೆಯೇ ಲೆಕ್ಕ ಬಂತು. ಅವರು ಮಾತ್ರ ಮೂರು ಸಲವೂ ಒಟ್ಟಿಗೇ ಬಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ನಾನು ಆ ಆಯ್ಕೆಯಲ್ಲಿ ಗೆದ್ದಿದ್ದರೂ ಆ ಜಾಗದಲ್ಲಿ ಪ್ರತಿದಿನ ಒಬ್ಬನೇ ಎಲ್ಲೋ ಬೀಳುತ್ತಿದ್ದೆ ಎಂದು ಅನ್ನಿಸಿತು. ಹೊಟ್ಟೆಕಿಚ್ಚು ಹೋಗಲಿಲ್ಲ, ಆದರೆ ಅದು ಯಾವುದರ ಮೇಲೆ ಎಂದು ಈಗ ಸರಿಯಾಗಿ ಗೊತ್ತು.

ಇನ್ನೇನು ಆಸೆ ಇದೆ ಎಂದು, ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. ಇಸ್ತ್ರಿಯಣ್ಣ ಗಿಟಾರಿಗೆ ಟವೆಲು ಸುತ್ತುತ್ತ ಯೋಚಿಸುತ್ತಾರೆ.

"ತಮ್ಮ ಒಂದು ದಿನ ಐದು ಗಂಟೆಗೆ ಬರ್ಬೇಕು. ಹಾಡೋಕಲ್ಲ. ನೀವು ಕೂತಿದೀರಲ್ಲ, ಆ ಮೆಟ್ಟಿಲ ಮೇಲೆ ಕೂತು ಕೇಳ್ಬೇಕು. ಹೊಟ್ಟೆ ಉರೀಬೇಕು ಅವನಿಗೆ. ಜಾಸ್ತಿ ಬೇಡ, ಸ್ವಲ್ಪ ಸಾಕು. ಆಮೇಲೆ ಟೀ ಕೊಡ್ತೀನಿ."

"ಎರಡು ಶರ್ಟೂ ಇಸ್ತ್ರಿ ಮಾಡ್ಕೊಡ್ತಾರೆ," ಎನ್ನುತ್ತಾರೆ ಅಕ್ಕ.

ಯಂತ್ರ ನಿಲ್ಲುತ್ತದೆ. ಐದು ಐವತ್ತು. ಇಸ್ತ್ರಿಯಣ್ಣ ಬಾಗಿಲು ತೆರೆದು ಒದ್ದೆ ಶೀಟುಗಳನ್ನು ಎಳೆಯತೊಡಗುತ್ತಾರೆ. ನಾನು ಕಪಾಟಿನ ಮೇಲಿನ ನನ್ನ ಹಳದಿ ತುಣುಕನ್ನು ನೋಡುತ್ತ, ಇದನ್ನು ಬಿಚ್ಚಿ ಹಾಕಿ ಈ ಲೇಖನ ಅಂಟಿಸಬಹುದಲ್ಲ ಎನ್ನುತ್ತೇನೆ. ಅವರು ಒಪ್ಪುವುದಿಲ್ಲ, ಎರಡೂ ಇರಲಿ, ಪಕ್ಕದಲ್ಲಿ ಜಾಗ ಇದೆ ಎನ್ನುತ್ತಾರೆ. ನಿನ್ನೆಯ ಫೋನಿನ ಮಾತನ್ನೂ ಬರೆಯಲೇ ಎಂದು ಕೇಳುತ್ತೇನೆ. ಒಂದು ಶೀಟನ್ನು ಕೊಡವಿ, ದೀಪ ಹಾಯುವ ಹಾಗೆ ಎತ್ತಿ ಹಿಡಿದು, ಅದರ ಹಿಂದಿನಿಂದಲೇ ಉತ್ತರ ಕೊಡುತ್ತಾರೆ.

"ಬರೀರಿ. ಆದ್ರೆ ಹದಿನೇಳು ಅನ್ನೋದನ್ನ ಅಕ್ಷರದಲ್ಲಿ ಬರೀರಿ. ಅಂಕಿ ಹಾಕಿದ್ರೆ ಜನ ನೋಡದೇ ಹೋಗ್ತಾರೆ."